ಏರ್ ಫೋರ್ಕ್ ಬಿಗಿಯುತ್ತಿದೆ, ಗಾಳಿಯೂ ಇಳಿಯುತ್ತಿದೆ: ಮನೆಯಲ್ಲೇ ಬಿಚ್ಚಬಹುದೇ?

ಕೋಟೆಯಂಚು (ಚಿತ್ರದುರ್ಗ):
ಎಲ್ಲರಿಗೂ ನಮಸ್ಕಾರ. ನಾನು ವಾರದಲ್ಲಿ ಎರಡು ಬೆಳಿಗ್ಗೆ, ಒಂದೊಂದು ಸಲಕ್ಕೆ ಸುಮಾರು ಮೂರು ಗಂಟೆ, ಜೋಗಿಮಟ್ಟಿಯ ಏರುದಾರಿಯಲ್ಲೂ ಗಾಳಿಯಂತ್ರಗಳಿರುವ ಗುಡ್ಡಗಳ ಗರಸು ರಸ್ತೆಗಳಲ್ಲೂ ಮೌಂಟನ್ ಬೈಕ್ ತುಳಿಯುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ಪರಿಚಿತರಿಂದ ಕೊಂಡ ಈ ಬೈಕಿನ ಮುಂದೆ 120 ಮಿ.ಮೀ. ಚಲನೆಯ ಏರ್ ಫೋರ್ಕ್ (ಒಳಗಿನ ಗಾಳಿಯೇ ಸ್ಪ್ರಿಂಗಿನಂತೆ ಹೊಡೆತ ತಡೆಯುವ ಮುಂಗಾಲು) ಇದೆ. ಇತ್ತೀಚೆಗೆ ಎರಡು ತೊಂದರೆಗಳು ಕಾಣಿಸಿಕೊಂಡಿವೆ. ಸಣ್ಣ ಕಲ್ಲುಗಳ ಮೇಲೆ ಫೋರ್ಕ್ ಅಲುಗುವುದೇ ಇಲ್ಲ, ದೊಡ್ಡ ಹೊಡೆತ ಬಿದ್ದಾಗ ಮಾತ್ರ ಥಟ್ಟನೆ ಕುಸಿಯುತ್ತದೆ. ಎರಡನೆಯದಾಗಿ, 90 ಪಿಎಸ್‌ಐ ತುಂಬಿಸಿ ಮಾರನೆಯ ವಾರ ಶಾಕ್ ಪಂಪ್ ಹಾಕಿ ನೋಡಿದರೆ ಪ್ರತಿ ಸಲವೂ ಏಳೆಂಟು ಪಿಎಸ್‌ಐ ಕಡಿಮೆ ತೋರಿಸುತ್ತದೆ.

ನಮ್ಮ ಬೀದಿಯ ಮೋಟಾರ್‌ಸೈಕಲ್ ಮೆಕ್ಯಾನಿಕ್ ಒಬ್ಬರು, "ಶಾಕಪ್ಸರ್ ಎಲ್ಲಾ ಒಂದೇ ಸ್ವಾಮಿ, ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಹೊಸ ಆಯಿಲ್ ತುಂಬಿದರೆ ಆಯ್ತು" ಎಂದರು. ಒಪ್ಪಿಸಲು ಧೈರ್ಯ ಬರಲಿಲ್ಲ. ಬೆಂಗಳೂರಿಗೇ ಕಳುಹಿಸಬೇಕೇ, ಇಲ್ಲವೇ ಸ್ವಲ್ಪ ಕೆಲಸವನ್ನಾದರೂ ಮನೆಯಲ್ಲಿ ಮಾಡಿಕೊಳ್ಳಬಹುದೇ?

ನಾಲೆಏರಿ (ದಾವಣಗೆರೆ):
ಧೈರ್ಯ ಬಾರದಿದ್ದುದೇ ಒಳ್ಳೆಯದಾಯಿತು. ಸಾಮಾನ್ಯ ಮೋಟಾರ್‌ಸೈಕಲ್ಲಿನ ಫೋರ್ಕ್‌ನಲ್ಲಿ ಕಾಲಿನೊಳಗೆ ತುಂಬಿದ ಆಯಿಲ್ಲೇ ಡ್ಯಾಂಪಿಂಗ್ (ಕುಪ್ಪಳಿಕೆಯನ್ನು ತಗ್ಗಿಸುವ) ಕೆಲಸವನ್ನೂ ಮಾಡುವುದರಿಂದ ಅಲ್ಲಿ ನೂರಾರು ಮಿ.ಲೀ. ಬೇಕಾಗುತ್ತದೆ. ನಿಮ್ಮಂಥ ಏರ್ ಫೋರ್ಕ್‌ಗಳಲ್ಲಿ ಬಹುಪಾಲು ಒಂದು ಕಾಲಿನಲ್ಲಿ ಗಾಳಿಯ ಸ್ಪ್ರಿಂಗ್, ಇನ್ನೊಂದರಲ್ಲಿ ತನ್ನ ಆಯಿಲ್ಲನ್ನು ತನ್ನೊಳಗೇ ಇಟ್ಟುಕೊಂಡ ಮುಚ್ಚಿದ ಡ್ಯಾಂಪರ್ ಇರುತ್ತದೆ. ಹೊರಗಿನ ಲೋವರ್ ಕಾಲುಗಳಿಗೆ ಹಾಕುವ ಆಯಿಲ್ ಬರೀ ಜಾರುವಿಕೆಗೆ. ಅದು ಮಾದರಿಯನ್ನು ಅನುಸರಿಸಿ ಕಾಲಿಗೆ ಕೆಲವೇ ಮಿ.ಲೀ.ಗಳಿಂದ ಮೂವತ್ತು ನಲವತ್ತು ಮಿ.ಲೀ.ವರೆಗೆ ಮಾತ್ರ. ಹೆಚ್ಚು ಸುರಿದರೆ ಲೋವರ್‌ನೊಳಗೆ ಗಾಳಿ ಕುಗ್ಗಲು ಜಾಗವಿಲ್ಲದೆ ಫೋರ್ಕ್ ತನ್ನ ಪೂರ್ಣ ಚಲನೆಯನ್ನು ಮುಟ್ಟುವುದೇ ಇಲ್ಲ. ಪೆಟ್ರೋಲ್ ರಬ್ಬರ್ ಸೀಲುಗಳನ್ನು ಉಬ್ಬಿಸುತ್ತದೆಯಾದ್ದರಿಂದ ಅದನ್ನು ಹತ್ತಿರವೂ ತರಬೇಡಿ.

ಮೊದಲು ಎರಡನೆಯ ತೊಂದರೆಯನ್ನು ನೋಡೋಣ, ಏಕೆಂದರೆ ಅದು ತೊಂದರೆಯೇ ಅಲ್ಲದಿರಬಹುದು. ಶಾಕ್ ಪಂಪನ್ನು ವಾಲ್ವ್‌ಗೆ ತಿರುಗಿಸಿದ ಕೂಡಲೇ ಫೋರ್ಕ್‌ನ ಗಾಳಿಯ ಒಂದು ಪಾಲು ಖಾಲಿಯಿದ್ದ ಪಂಪಿನ ಕೊಳವೆಗೆ ನುಗ್ಗುತ್ತದೆ. ಫೋರ್ಕ್‌ನಲ್ಲಿ ಗಾಳಿಯ ಪ್ರಮಾಣವೇ ಚಿಕ್ಕದಾದ್ದರಿಂದ ಮಾಪಕ ಅಷ್ಟು ಕಡಿಮೆ ತೋರಿಸುತ್ತದೆ. ಪಂಪ್ ತೆಗೆಯುವಾಗ ಕೇಳುವ "ಪುಸ್" ಶಬ್ದ ಆ ಕೊಳವೆಯ ಗಾಳಿಯದೇ ಹೊರತು ಫೋರ್ಕ್‌ನದಲ್ಲ. ನಾನೂ ಇದೇ ಭ್ರಮೆಯಲ್ಲಿ ಒಂದು ವರ್ಷ ಕಾಣದ ಸೋರಿಕೆಯನ್ನು ಹುಡುಕಿದ್ದೇನೆ. ಪಂಪಿನ ಬದಲು ಸ್ಯಾಗ್, ಅಂದರೆ ನಿಮ್ಮ ಭಾರಕ್ಕೆ ಫೋರ್ಕ್ ಎಷ್ಟು ಇಳಿಯುತ್ತದೆ ಎಂಬುದನ್ನು ಅಳೆಯಿರಿ. ಒಳಕೊಳವೆಯ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿನವರೆಗೆ ಸರಿಸಿ, ನೀರಿನ ಚೀಲ ಸಹಿತ ಬೈಕಿನ ಮೇಲೆ ಮೆಲ್ಲಗೆ ನಿಂತು ಇಳಿಯಿರಿ. 120 ಮಿ.ಮೀ. ಫೋರ್ಕ್‌ನಲ್ಲಿ ಉಂಗುರ 24 ಮಿ.ಮೀ. ಸರಿದರೆ ಅದು ಶೇ. 20 ಸ್ಯಾಗ್. ಹತ್ತು ದಿನಗಳ ನಂತರವೂ ಅಷ್ಟೇ ಬಂದರೆ ಗಾಳಿ ಎಲ್ಲಿಗೂ ಹೋಗಿಲ್ಲ.

ಇದನ್ನು ಮುಂಜಾವಿನಲ್ಲಿ, ನೆರಳಿನಲ್ಲಿ ಮಾಡಿರಿ. 25 ಡಿಗ್ರಿಯಲ್ಲಿ 90 ಪಿಎಸ್‌ಐ ಇದ್ದ ಗಾಳಿ, ಬೈಕನ್ನು ಬಿಸಿಲಲ್ಲಿ ನಿಲ್ಲಿಸಿ ಫೋರ್ಕ್ 45 ಡಿಗ್ರಿಗೆ ಕಾದಾಗ ಸುಮಾರು 97ಕ್ಕೆ ಏರುತ್ತದೆ. ದುರ್ಗದ ಏಪ್ರಿಲ್ ಬಿಸಿಲನ್ನು ಕಂಡವರಿಗೆ ಇದು ಬರಿಯ ಲೆಕ್ಕವಲ್ಲ.

ಐದನೇಗೇರು (ಹರಿಹರ):
ಮೊದಲ ತೊಂದರೆಗೆ ನಿಮ್ಮ ಲೆಕ್ಕದಲ್ಲೇ ಉತ್ತರವಿದೆ. ವಾರಕ್ಕೆ ಆರು ಗಂಟೆಯಂತೆ ಹದಿನಾಲ್ಕು ತಿಂಗಳಿಗೆ, ಮಳೆ, ರಜೆ ಎಲ್ಲ ಕಳೆದರೂ, 300 ಗಂಟೆ ದಾಟುತ್ತದೆ. ರಾಕ್‌ಶಾಕ್ಸ್ ತನ್ನ ಬಹುಪಾಲು ಫೋರ್ಕ್‌ಗಳಿಗೆ ಲೋವರ್ ಸರ್ವಿಸನ್ನು (ಲೋವರ್ ಕಾಲುಗಳನ್ನು ಬಿಚ್ಚಿ ಸ್ವಚ್ಛಗೊಳಿಸಿ ಆಯಿಲ್ ಬದಲಿಸುವುದನ್ನು) 50 ಗಂಟೆಗೊಮ್ಮೆ ಹೇಳುತ್ತದೆ. ಇನ್ನೊಂದು ಫೋರ್ಕ್ ಕಂಪನಿಯಾದ ಫಾಕ್ಸ್ ಪೂರ್ಣ ಸರ್ವಿಸನ್ನು 125 ಗಂಟೆಗೊಮ್ಮೆ ಅಥವಾ ವರ್ಷಕ್ಕೊಮ್ಮೆ ಹೇಳುತ್ತದೆ. ನಿಮ್ಮ ಊರಿನ ಗರಸಿನಲ್ಲಿ ಇರುವುದು ಕಲ್ಲಿನ ಪುಡಿ. ಅದು ಸೀಲಿನ ತುಟಿಯ ಬಳಿ ಕುಳಿತು ಉಪ್ಪುಕಾಗದದಂತೆ ಒಳಕೊಳವೆಯ ಲೇಪನವನ್ನು ಉಜ್ಜುತ್ತದೆ. ನಮ್ಮ ಕಡೆಯ ಎರೆಮಣ್ಣು ಅಂಟಿಕೊಂಡು ಕಣ್ಣಿಗಾದರೂ ಕಾಣುತ್ತದೆ.

ಲೋವರ್ ಸರ್ವಿಸ್ ಮನೆಯಲ್ಲೇ ಆಗುವ ಕೆಲಸ. ಮುಂದಿನ ಚಕ್ರವನ್ನೂ ಬ್ರೇಕ್ ಕ್ಯಾಲಿಪರನ್ನೂ ಬಿಚ್ಚಿ ದೂರ ಇಡಿ. ಡಿಸ್ಕ್ ಮತ್ತು ಪ್ಯಾಡ್ ಮೇಲೆ ಒಂದು ಹನಿ ಆಯಿಲ್ ಬಿದ್ದರೆ ಫೋರ್ಕ್‌ನ ಚಿಂತೆ ಹೋಗಿ ಬ್ರೇಕಿನ ಚಿಂತೆ ಶುರುವಾಗುತ್ತದೆ. ಒತ್ತಡವನ್ನೂ ರಿಬೌಂಡ್ (ಕುಸಿದ ಫೋರ್ಕ್ ಮರಳಿ ಏಳುವ ವೇಗ) ಗುಬುಟಿನ ಕ್ಲಿಕ್ಕುಗಳನ್ನೂ ಬರೆದಿಟ್ಟುಕೊಂಡು, ನಂತರ ಗಾಳಿಯನ್ನು ಪೂರ್ತಿ ಬಿಡಿ. ಗಾಳಿ ಬಿಡದೆ ಯಾವ ಬೋಲ್ಟನ್ನೂ ಮುಟ್ಟಬಾರದು, ಇದರಲ್ಲಿ ರಿಯಾಯಿತಿ ಇಲ್ಲ. ರಿಬೌಂಡ್ ಗುಬುಟನ್ನು ತೆಗೆದು, ಕೆಳಗಿನ ಎರಡೂ ಬೋಲ್ಟುಗಳನ್ನು ಮೂರು ನಾಲ್ಕು ಸುತ್ತು ಸಡಿಲಿಸಿ, ಅವುಗಳ ತಲೆಯ ಮೇಲೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಒಳಗಿನ ದಂಡ ಬಿಡುತ್ತದೆ. ಬಳಿಕ ಬೋಲ್ಟುಗಳನ್ನು ಪೂರ್ತಿ ತೆಗೆದು ಲೋವರನ್ನು ಎಳೆಯಿರಿ. ಕೆಳಗೆ ತಟ್ಟೆ ಇಟ್ಟಿರಲಿ.

ಸ್ವಚ್ಛಗೊಳಿಸಲು ಮೆಡಿಕಲ್ ಶಾಪಿನಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ನೂಲು ಬಿಡದ ಬಟ್ಟೆ ಸಾಕು. ಸೀಲಿನ ಅಡಿಯಲ್ಲಿರುವ ಸ್ಪಂಜಿನ ಉಂಗುರಗಳನ್ನು ತೊಳೆದು, ಹಿಂಡಿ, ಹೊಸ ಆಯಿಲ್ಲಿನಲ್ಲಿ ನೆನೆಸಿಡಿ. ನನ್ನ ಅಭಿಪ್ರಾಯದಲ್ಲಿ ಇಡೀ ಸರ್ವಿಸಿನ ಜೀವ ಇರುವುದು ಈ ಉಂಗುರಗಳಲ್ಲೇ. ಅವು ಒಣಗಿದರೆ ಸೀಲು ಒಳಕೊಳವೆಯನ್ನು ಕಚ್ಚಿ ಹಿಡಿಯುತ್ತದೆ, ನಿಮ್ಮ ಫೋರ್ಕ್ ಸಣ್ಣ ಕಲ್ಲಿಗೆ ಅಲುಗದಿರುವುದು ಇದಕ್ಕೇ. ಸೀಲಿನ ಒಳತುಟಿಗೆ ಸಸ್ಪೆನ್ಷನ್ನಿಗೆಂದೇ ಇರುವ ಗ್ರೀಸನ್ನು ತೆಳುವಾಗಿ ಸವರಿ; ದಾವಣಗೆರೆಯವರು ದೋಸೆಗೆ ಬೆಣ್ಣೆ ಹಾಕುವಂತೆ ಹಾಕಬೇಡಿ. ಲೋವರನ್ನು ಅರ್ಧ ಏರಿಸಿ, ಬೈಕನ್ನು ಓರೆ ಮಾಡಿ, ಬೋಲ್ಟಿನ ರಂಧ್ರದಿಂದ ಸಿರಿಂಜಿನಲ್ಲಿ ಆಯಿಲ್ ಹಾಕಿ. ಪ್ರಮಾಣವನ್ನೂ ದರ್ಜೆಯನ್ನೂ ನಿಮ್ಮ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳಿ, ಎರಡು ಕಾಲುಗಳಿಗೆ ಬೇರೆ ಬೇರೆ ಇರಬಹುದು. ಬೋಲ್ಟಿನ ಅಡಿಯ ವಾಷರ್ ಒಮ್ಮೆ ನಜ್ಜಾಗಿ ಮುಚ್ಚಿಕೊಳ್ಳುವ ಬಗೆಯದಾದ್ದರಿಂದ ಹೊಸದನ್ನೇ ಹಾಕಿ.

ನಾಲೆಏರಿ (ದಾವಣಗೆರೆ):
ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ. ಮುಂದಿನ ಬ್ರೇಕ್ ಹಿಡಿದು ಬೈಕನ್ನು ಹಿಂದೆ ಮುಂದೆ ಅಲುಗಿಸುತ್ತ, ಸೀಲು ಮತ್ತು ಒಳಕೊಳವೆ ಕೂಡುವ ಜಾಗದಲ್ಲಿ ಬೆರಳಿಡಿ. ಕಟಕಟ ಅಲ್ಲಿ ತಿಳಿದರೆ ಒಳಕೊಳವೆ ಜಾರುವ ಬುಷ್ ಸವೆದಿದೆ, ಅದು ಮನೆಯ ಕೆಲಸವಲ್ಲ. ಹ್ಯಾಂಡಲ್ ಕೆಳಗೆ ತಿಳಿದರೆ ಹೆಡ್‌ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್) ಬಿಗಿಗೊಳಿಸಿದರೆ ಮುಗಿಯಿತು. ಡ್ಯಾಂಪರನ್ನು ಮಾತ್ರ ಮುಟ್ಟಬೇಡಿ, ಅದನ್ನು ಬೆಂಗಳೂರಿಗೆ ಕಳುಹಿಸಿ.

ಕೋಟೆಯಂಚು (ಚಿತ್ರದುರ್ಗ):
ಇಬ್ಬರಿಗೂ ಧನ್ಯವಾದಗಳು. ಹನ್ನೊಂದು ದಿನ ಕಾದು ಅಳೆದೆ, ಸ್ಯಾಗ್ ಒಂದು ಮಿ.ಮೀ. ಕೂಡ ಬದಲಾಗಿರಲಿಲ್ಲ. ಬುಷ್ ಗಟ್ಟಿಯಾಗಿದೆ. ಭಾನುವಾರ ಲೋವರ್ ಎಳೆದಾಗ ಎಡಗಾಲಿನಿಂದ ಒಂದು ಚಮಚದಷ್ಟು ಕಪ್ಪು ಕೆಸರು ಬಂತು, ಬಲಗಾಲಿನಿಂದ ಏನೂ ಬರಲಿಲ್ಲ. ಸ್ಪಂಜಿನ ಉಂಗುರಗಳು ಒಣಗಿದ ರೊಟ್ಟಿಯ ಅಂಚಿನಂತಾಗಿದ್ದವು. ಜೋಡಿಸಿದ ಮೇಲೆ ಕೈಯಿಂದ ಒತ್ತಿದರೇ ಫೋರ್ಕ್ ಇಳಿಯುತ್ತಿದೆ. ಆದರೆ ಹಳೆಯ 90 ಪಿಎಸ್‌ಐ ತುಂಬಿಸಿದರೂ ಸ್ಯಾಗ್ 24ರಿಂದ 31 ಮಿ.ಮೀ.ಗೆ ಏರಿದೆ. ಏನಾದರೂ ತಪ್ಪು ಜೋಡಿಸಿದೆನೇ?

ಐದನೇಗೇರು (ಹರಿಹರ):
ತಪ್ಪಿಲ್ಲ. ಇಷ್ಟು ದಿನ ನಿಮ್ಮ ತೂಕದ ಒಂದು ಪಾಲನ್ನು ಒಣ ಸೀಲುಗಳೇ ಹೊತ್ತಿದ್ದವು, ಈಗ ಎಲ್ಲವೂ ಗಾಳಿಯ ಮೇಲೆ ಬಿದ್ದಿದೆ. ಐದೈದು ಪಿಎಸ್‌ಐ ಏರಿಸಿ, ಪ್ರತಿ ಸಲವೂ ಫೋರ್ಕನ್ನು ಹತ್ತು ಬಾರಿ ನಿಧಾನವಾಗಿ ಒತ್ತಿ ಗಾಳಿಯ ಸ್ಪ್ರಿಂಗಿನೊಳಗಿನ ಎರಡೂ ಗಾಳಿಕೋಣೆಗಳ ಒತ್ತಡ ಸಮವಾಗಲು ಬಿಟ್ಟು, ಮತ್ತೆ ಅಳೆಯಿರಿ. ರಿಬೌಂಡನ್ನು ಒಂದು ಕ್ಲಿಕ್ ನಿಧಾನದ ಕಡೆಗೆ ತಿರುಗಿಸಬೇಕಾದೀತು.