'ಓಪನ್' ಅಂದರೆ ತೆರೆದದ್ದೋ, ಕಡಿದದ್ದೋ? ಕ್ಲಚ್ ವೈರಿಂಗ್‌ನ ಕೆಲವು ಪದಗಳು

ಎಲ್ಲರಿಗೂ ನಮಸ್ಕಾರ.

ಕಾರಿನ ಗೇರ್‌ಬಾಕ್ಸ್ ರಿಪೇರಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕ್ಲಚ್ಚಿನ ಕರೆಂಟ್ ದೋಷ ಹುಡುಕುವ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ನಾನು ಹಾಕುವ ಪದಗಳೆಲ್ಲ ತಲೆಕೆಳಗಾಗುತ್ತಿವೆ.

ಗಾಡಿಯ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0740 ಕೋಡ್ ಬಂದರೆ ಟಾರ್ಕ್ ಕನ್ವರ್ಟರ್ (ಆಟೊಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ಮುಟ್ಟಿಸುವ ಭಾಗ) ಕ್ಲಚ್ಚಿನ ಸರ್ಕಿಟ್‌ನಲ್ಲಿ ದೋಷ, ಅದು 'ಓಪನ್' ಆಗಿರಬಹುದು ಎಂದರ್ಥ. ವಿಜ್ಞಾನದ ಪಾಠದಲ್ಲಿ ಇದು 'ತೆರೆದ ಮಂಡಲ'. ನಾನೂ ಹಾಗೇ ಬರೆದೆ. ಗೆಳೆಯನೊಬ್ಬ ಓದಿ, "ತೆರೆದಿದ್ದರೆ ಒಳ್ಳೇದೇ ಅಲ್ವಾ? ಕರೆಂಟ್ ಸಲೀಸಾಗಿ ಹೋಗುತ್ತೆ" ಅಂದ. ಅವನನ್ನು ಬೈಯುವ ಹಾಗಿಲ್ಲ. ನಲ್ಲಿ ತೆರೆದರೆ ನೀರು ಬರುತ್ತದೆ, ಗೇಟು ತೆರೆದರೆ ಗಾಡಿ ಹೋಗುತ್ತದೆ. ತೆರೆದರೆ ಹರಿವು ನಿಲ್ಲುವುದು ಕರೆಂಟಿನ ಲೋಕದಲ್ಲಿ ಮಾತ್ರ.

ಗ್ಯಾರೇಜಿನವರು 'ಲೈನ್ ಕಟ್ ಆಗಿದೆ' ಅಂತಾರೆ. ಥಟ್ಟನೆ ಅರ್ಥ ಆಗುತ್ತದೆ. ಆದರೆ ವೈರೇ ತುಂಡಾಗಿರಬೇಕು ಅಂತೇನಿಲ್ಲ. ವೈರುಗಳನ್ನು ಜೋಡಿಸುವ ಕಪ್ಲರ್ ಒಳಗೆ ಪಿನ್ ಹಿಂದಕ್ಕೆ ಸರಿದಿರಬಹುದು, ಕಿಲುಬು ಹಿಡಿದಿರಬಹುದು, ಸೊಲೆನಾಯ್ಡಿನ (ಕರೆಂಟ್ ಬಂದಾಗ ಕ್ಲಚ್ ಹಿಡಿಯುವಂತೆ ಮಾಡುವ ವಾಲ್ವ್) ಕಾಯಿಲ್ ಸುಟ್ಟಿರಬಹುದು. 'ಕಟ್' ಅಂದರೆ ಓದುಗ ಸುಮ್ನೆ ವೈರನ್ನೇ ಉದ್ದಕ್ಕೂ ತಡವುತ್ತಾ ಕೂರುತ್ತಾನೆ. ಸದ್ಯಕ್ಕೆ 'ಹಾದಿ ಕಡಿದಿದೆ' ಎಂದು ಬರೆದಿದ್ದೇನೆ. (ಅಂದ ಹಾಗೆ, ಪಿನ್ನಿಗೆ ಹಿಡಿಯುವುದಕ್ಕೂ ಬೋಲ್ಟಿಗೆ ಹಿಡಿಯುವುದಕ್ಕೂ ಮೂಲದಲ್ಲಿ ಒಂದೇ ಪದವಿದೆ. ನಮ್ಮಲ್ಲಿ ತಾಮ್ರ, ಹಿತ್ತಾಳೆಗೆ ಕಿಲುಬು, ಕಬ್ಬಿಣಕ್ಕೆ ತುಕ್ಕು. ಇಲ್ಲೊಂದು ಕಡೆ ನಾವೇ ಜಾಸ್ತಿ ಅನುಕೂಲಸ್ಥರು.)

ಇನ್ನು ಕ್ಲಚ್. ಬೈಕ್ ಕಲಿಸುವವರು 'ಕ್ಲಚ್ ಹಿಡಿ' ಅಂದರೆ ಲಿವರ್ ಎಳೆ ಅಂತ. ಆಗ ಒಳಗಿನ ಪ್ಲೇಟುಗಳು ಒಂದನ್ನೊಂದು ಬಿಡುತ್ತವೆ. 'ಕ್ಲಚ್ ಬಿಡು' ಅಂದಾಗ ಪ್ಲೇಟುಗಳು ಹಿಡಿಯುತ್ತವೆ. ಮೆಕ್ಯಾನಿಕ್ 'ಕ್ಲಚ್ ಹಿಡೀತಿಲ್ಲ' ಅಂದರೆ ಮಾತು ಪ್ಲೇಟಿನದು, ಅದು ಜಾರುತ್ತಿದೆ ಅಂತ. ಕೈ ಹಿಡಿದರೆ ಕ್ಲಚ್ ಬಿಡುತ್ತದೆ, ಕೈ ಬಿಟ್ಟರೆ ಕ್ಲಚ್ ಹಿಡಿಯುತ್ತದೆ! ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ಲೇ ಇಲ್ಲ, ಹಾಗಾಗಿ ಅಲ್ಲಿ ಕ್ಲಚ್ಚನ್ನೇ ಕರ್ತೃ ಮಾಡಿದೆ: 'ಸೊಲೆನಾಯ್ಡಿನ ಹಾದಿ ಕಡಿದರೆ ಕ್ಲಚ್ ಹಿಡಿಯುವುದಿಲ್ಲ.' ಮೊದಲು ಬರೆದಿದ್ದ 'ತೆರೆದ ಮಂಡಲದಿಂದಾಗಿ ಕ್ಲಚ್ ತೆರೆದೇ ಉಳಿಯುತ್ತದೆ' ಅನ್ನುವ ವಾಕ್ಯವನ್ನು ಯಾರಿಗೂ ತೋರಿಸಲಾರೆ. ಪೆಡಲ್ ಇರುವ ಕಾರಿನಲ್ಲಿ ಪಿ0704 ಬರುತ್ತದೆ, ಅದು ಪೆಡಲ್ ಹತ್ತಿರದ ಸ್ವಿಚ್ಚಿನ ಕೋಡ್. ಅಲ್ಲಿ 'ಪೆಡಲ್ ಒತ್ತಿ', 'ಕಾಲು ತೆಗೆಯಿರಿ' ಅಂತಷ್ಟೇ ಬರೆದು ಪಾರಾದೆ.

'ಶಾರ್ಟ್' ಎಲ್ಲರಿಗೂ ಗೊತ್ತಿರುವ ಪದ. ಹಾಗೇ ಉಳಿಸಿಕೊಂಡೆ. 'ಹ್ರಸ್ವ ಮಂಡಲ' ಅಂದರೆ ನನಗೆ ವ್ಯಾಕರಣದ ಮೇಷ್ಟ್ರು ನೆನಪಾಗುತ್ತಾರೆ. ವೈರ್ ಉಜ್ಜಿ ಉಜ್ಜಿ ಸಿಪ್ಪೆ ಹೋಗಿ, ಗಾಡಿಯ ಲೋಹಕ್ಕೆ ತಾಗುವುದನ್ನು 'ಬಾಡಿಗೆ ಶಾರ್ಟ್' ಎಂದು ಬರೆದಿದ್ದೆ. ಮರುದಿನ ಓದಿದರೆ ಬಾಡಿಗೆ ಕಟ್ಟಲು ದುಡ್ಡು ಸಾಲದವನ ಗೋಳಿನಂತಿತ್ತು. ಈಗ ಅದು 'ಅರ್ತ್‌ಗೆ ಶಾರ್ಟ್'.

ನಿಮ್ಮನ್ನು ಕೇಳಬೇಕಾದ್ದು ಪಿ0744 ಬಗ್ಗೆ. ಅದೇ ಕ್ಲಚ್ ಸರ್ಕಿಟ್, ಒಮ್ಮೆ ಸರಿ, ಒಮ್ಮೆ ಇಲ್ಲ. ಕೈಪಿಡಿಯಲ್ಲೊಂದು ಚಿತ್ರವಿದೆ. ಇಗ್ನಿಷನ್ ಆಫ್ ಮಾಡಿ, ಗೇರ್‌ಬಾಕ್ಸ್ ಕಂಪ್ಯೂಟರಿನ ಕಪ್ಲರ್ ಬಿಚ್ಚಿದ್ದಾರೆ. ಸೊಲೆನಾಯ್ಡಿಗೆ ಹೋಗುವ ಎರಡು ಪಿನ್‌ಗಳಿಗೆ ಮೀಟರಿನ ಕಡ್ಡಿ ತಾಗಿಸಿದ್ದಾರೆ. ಪರದೆಯಲ್ಲಿ 13 ಓಂ. ವೈರನ್ನು ಸ್ವಲ್ಪ ಅಲ್ಲಾಡಿಸಿದರೆ ಓಎಲ್, ಅಂದರೆ ಮೀಟರಿನ ಅಳತೆಗೆ ಮೀರಿದ್ದು, ಹಾದಿ ಕಡಿದಿದೆ. ಕೈ ತೆಗೆದರೆ ಮತ್ತೆ 13. (ಓಎಲ್ ಬಂದಾಗ 'ಮೀಟರ್ ಏನೂ ತೋರಿಸುವುದಿಲ್ಲ' ಎಂದು ಬರೆಯಬೇಡಿ. ಓದುಗ ಅದನ್ನು ಸೊನ್ನೆ ಅಂದುಕೊಳ್ಳುತ್ತಾನೆ. ಸೊನ್ನೆ ಓಂ ಅಂದರೆ ಶಾರ್ಟ್, ಪೂರ್ತಿ ಉಲ್ಟಾ.)

ಈ ಬಗೆಯ ದೋಷಕ್ಕೆ ಏನನ್ನಬೇಕು? 'ಮಧ್ಯಂತರ ದೋಷ' ಅಂದರೆ ಮಧ್ಯಂತರ ಆದೇಶದ ಹಾಗೆ, ಅಂತಿಮ ದೋಷ ಇನ್ನೂ ಬರಬೇಕು ಅನಿಸುತ್ತದೆ. 'ಲೂಸ್ ಕಾಂಟ್ಯಾಕ್ಟ್' ಕಾರಣದ ಹೆಸರು, ಕಾರಣ ಬೇರೆಯೂ ಇರಬಹುದು. ಬಿಟ್ಟು ಬಿಟ್ಟು ಬರುವ ಜ್ವರ ಇದೆಯಲ್ಲ, ಹಾಗೆ 'ಬಿಟ್ಟು ಬಿಟ್ಟು ಬರುವ ದೋಷ' ನನಗೆ ತುಂಬಾ ಹಿಡಿಸಿತ್ತು. ಆದರೆ ಅದೇ ಸಾಲಿನಲ್ಲಿ ಕ್ಲಚ್ ಕೂಡ ಹಿಡಿಯುತ್ತದೆ, ಬಿಡುತ್ತದೆ. ಬಿಟ್ಟಿದ್ದು ವೈರೋ, ಪ್ಲೇಟೋ ಗೊತ್ತಾಗುವುದಿಲ್ಲ. 'ಆಗಾಗ' ಕೂಡ ಸಾಲದು. ದೋಷ ಮತ್ತೆ ಮತ್ತೆ ಬರುತ್ತದೆ ಅನ್ನುವುದು ಅದರಲ್ಲಿದೆ, ನಡುವೆ ತಾನಾಗೇ ಸರಿಹೋಗುತ್ತದೆ ಅನ್ನುವುದು ಇಲ್ಲ. 'ಬಿಡು' ಇಲ್ಲದ ಒಂದು ಪದ ನಿಮ್ಮ ಮಾತಿನಲ್ಲಿ ಇದೆಯಾ?