ಮನುಷ್ಯನ ಬುದ್ಧಿ ಎಲ್ಲದಕ್ಕೂ ಒದಗುವಂಥದ್ದೇ?

ಪ್ರಶ್ನೆ:
ಒಂದು ವಿಷಯದಲ್ಲಿ ಚುರುಕಾಗಿರುವವರು ಉಳಿದವುಗಳಲ್ಲಿಯೂ ಬಹುಮಟ್ಟಿಗೆ ಮುಂದಿರುತ್ತಾರೆಂಬುದನ್ನು ಗಮನಿಸಿದ ಮನೋವಿಜ್ಞಾನಿ ಚಾರ್ಲ್ಸ್ ಸ್ಪಿಯರ್‌ಮನ್, ಎಲ್ಲದರ ಹಿಂದೆಯೂ ಒಂದೇ ಸಾಮಾನ್ಯ ಬುದ್ಧಿಶಕ್ತಿಯಿದೆಯೆಂದು 1904ರಲ್ಲಿ ವಾದಿಸಿದರು. ಹಾಗಾದರೆ ಶಕುಂತಲಾ ದೇವಿಯವರಂಥ ಪ್ರತಿಭೆಯನ್ನು ಹೇಗೆ ವಿವರಿಸಬೇಕು?

ಉತ್ತರ 1:
13 ಅಂಕಿಗಳ ಎರಡು ಸಂಖ್ಯೆಗಳನ್ನು 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 28 ಸೆಕೆಂಡುಗಳಲ್ಲಿ ಗುಣಿಸಿದ ಅವರನ್ನು ಮನೋವಿಜ್ಞಾನಿ ಆರ್ಥರ್ ಜೆನ್ಸನ್ ಪರೀಕ್ಷೆಗೊಳಪಡಿಸಿದ್ದರು. ಪ್ರತಿಕ್ರಿಯೆಯ ವೇಗವನ್ನಳೆಯುವ ಸರಳ ಪರೀಕ್ಷೆಗಳಲ್ಲಿ ಅವರ ಸಾಧನೆ ಅಸಾಧಾರಣವಾಗೇನೂ ಇರಲಿಲ್ಲ. ಜೆನ್ಸನ್ ಸ್ವತಃ ಸ್ಪಿಯರ್‌ಮನ್ ಪಕ್ಷದವರಾಗಿದ್ದರೆಂಬುದೇ ಇಲ್ಲಿನ ಸ್ವಾರಸ್ಯ.

ಉತ್ತರ 2:
ಚದುರಂಗದಲ್ಲಿಯೂ ಹೀಗೆಯೇ. ನಿಜವಾದ ಆಟವೊಂದರ ಮಣೆಯನ್ನು 5 ಸೆಕೆಂಡು ನೋಡಿ, ಕಾಯಿಗಳನ್ನು ನೆನಪಿನಿಂದಲೇ ಮರಳಿ ಜೋಡಿಸುವುದರಲ್ಲಿ ನುರಿತ ಆಟಗಾರರು ಹೊಸಬರನ್ನು ಬಹಳ ಹಿಂದಿಕ್ಕುತ್ತಾರೆ. ಆದರೆ ಕಾಯಿಗಳನ್ನು ಮನಬಂದಂತೆ ಚದುರಿಸಿಟ್ಟರೆ ಆ ಮೇಲುಗೈ ಹೆಚ್ಚುಕಡಿಮೆ ಅಳಿದುಹೋಗುತ್ತದೆಂಬುದನ್ನು ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ತೋರಿಸಿದರು. ನುರಿತ ಆಟಗಾರರಲ್ಲಿ ಬೆಳೆದದ್ದು ಒಟ್ಟಾರೆ ಜ್ಞಾಪಕಶಕ್ತಿಯಲ್ಲ, ಆಟದ ವಿನ್ಯಾಸಗಳ ಪರಿಚಯ.

ಉತ್ತರ 3:
ಮೇಲಿನವರು ಪರಿಣತಿಯನ್ನೂ ಬುದ್ಧಿಯನ್ನೂ ಒಂದೇ ಎಂದು ಎಣಿಸುತ್ತಿದ್ದಾರೆಂದು ನನಗನಿಸುತ್ತದೆ. ಚದುರಂಗವಾಗಲಿ, ಬರವಣಿಗೆಯಾಗಲಿ, ಬೀಜಗಣಿತವಾಗಲಿ ನಮ್ಮ ಮಿದುಳು ರೂಪುಗೊಂಡ ಕಾಲದಲ್ಲಿ ಇರಲೇ ಇಲ್ಲ. ಆದರೂ ಅವನ್ನೆಲ್ಲ ಅದೇ ಮಿದುಳು ಕಲಿಯುತ್ತದೆ. ಕಲಿತದ್ದು ಆಯಾ ಕ್ಷೇತ್ರಕ್ಕೇ ಸೀಮಿತವಾಗಿರಬಹುದು, ಕಲಿಯುವ ಶಕ್ತಿ ಹಾಗಲ್ಲ.

ಪ್ರಶ್ನೆ ಕೇಳಿದವರು:
ಈ ವ್ಯತ್ಯಾಸವನ್ನು ಒಪ್ಪುತ್ತೇನೆ. ಆದರೆ ಮಾತನ್ನು ಯಾರೂ ಪಾಠ ಹೇಳದೆಯೇ ಕಲಿಯುವ ಮಗುವಿಗೆ ಓದುಬರಹ ಕಲಿಸಲು ವರ್ಷಗಳೇ ಬೇಕಾಗುತ್ತವೆಯೆಂದರೆ, ಕಲಿಯುವ ಶಕ್ತಿಗೂ ತನ್ನದೇ ಒಲವುಗಳಿವೆಯೆಂದಲ್ಲವೇ?