ಬ್ರಷ್‌ಲೆಸ್ ಇಎಸ್‌ಸಿ: ತಂತಿಯ ಉದ್ದ, ಬಿಇಸಿಯ ಮಿತಿ ಮತ್ತು ಥಟ್ಟನೆ ಥ್ರಾಟಲ್ ಕೊಟ್ಟಾಗ ಕೀರಲಿಡುವ ಮೋಟಾರ್

ಪ್ರಶ್ನೆ: ಹೊಸರೆಕ್ಕೆ

ಎಲ್ಲರಿಗೂ ನಮಸ್ಕಾರ. ಸುಮಾರು 1.2 ಮೀಟರ್ ರೆಕ್ಕೆಯಗಲದ ಫೋಮ್ ವಿಮಾನಕ್ಕೆ 1000 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1000 ಸುತ್ತು) ಔಟ್‌ರನ್ನರ್ (ಹೊರಕವಚವೇ ತಿರುಗುವ) ಮೋಟಾರ್ ಜೋಡಿಸಿದ್ದೇನೆ. ಮೋಟಾರಿನ ಗರಿಷ್ಠ ಮಿತಿ 28 ಆಂಪಿಯರ್ ಎಂದು ತಯಾರಕರು ನಮೂದಿಸಿದ್ದಾರೆ. ಪ್ರೊಪೆಲ್ಲರ್ 10×5 (ಇಂಚುಗಳಲ್ಲಿ ವ್ಯಾಸ ಮತ್ತು ಪಿಚ್), ಬ್ಯಾಟರಿ 3 ಸೆಲ್‌ಗಳ 2200 ಎಂಎಎಚ್ ಲಿಪೊ (ಲಿಥಿಯಂ ಪಾಲಿಮರ್), ರೆಕ್ಕೆ ಬಾಲಗಳ ಪಟ್ಟಿಗಳನ್ನು ಆಡಿಸುವ ಸರ್ವೊಗಳು ನಾಲ್ಕು. ಇಎಸ್‌ಸಿಯ (ಮೋಟಾರಿನ ವೇಗ ನಿಯಂತ್ರಕದ) ಮೇಲೆ 30 ಆಂಪಿಯರ್, 2ರಿಂದ 4 ಸೆಲ್ ಎಂದಿದೆ. ಅದರ ಬಿಇಸಿ (ರಿಸೀವರ್, ಸರ್ವೊಗಳಿಗೆ ವಿದ್ಯುತ್ ಕೊಡುವ ಭಾಗ) ಲೀನಿಯರ್ ಬಗೆಯದು, 5 ವೋಲ್ಟ್ 2 ಆಂಪಿಯರ್.

ಇಎಸ್‌ಸಿಯನ್ನು ಮೂತಿಯಲ್ಲಿ ಇಟ್ಟರೆ ಬ್ಯಾಟರಿಯ ತಂತಿ ಅಲ್ಲಿಗೆ ನಿಲುಕುವುದಿಲ್ಲ. ಗುರುತ್ವಕೇಂದ್ರ ಸರಿಹೊಂದಬೇಕಾದರೆ ಬ್ಯಾಟರಿ ರೆಕ್ಕೆಯ ಅಡಿಯಲ್ಲೇ ಇರಬೇಕಾಗಿರುವುದರಿಂದ, ಬ್ಯಾಟರಿ ಕಡೆಯ ತಂತಿಗೆ 15 ಸೆಂಟಿಮೀಟರ್ ಸೇರಿಸಬಹುದೇ? ಬ್ಯಾಟರಿ ಜೋಡಿಸಿದಾಗ ಇಎಸ್‌ಸಿ ಕೆಲವೊಮ್ಮೆ ಸರಿಯಾಗಿ ಸಿದ್ಧವಾಗುತ್ತದೆ, ಕೆಲವೊಮ್ಮೆ ಬಿಡದೆ ಬೀಪ್ ಮಾಡುತ್ತಲೇ ಇರುತ್ತದೆ. ಥ್ರಾಟಲ್ ಅನ್ನು ನಿಧಾನವಾಗಿ ಏರಿಸಿದರೆ ಮೋಟಾರ್ ಚೆನ್ನಾಗಿ ತಿರುಗುತ್ತದೆ. ಥಟ್ಟನೆ ತಳ್ಳಿದರೆ ಕೀರಲು ದನಿ ಹೊರಡಿಸಿ, ನಡುಗಿ, ನಿಂತುಬಿಡುತ್ತದೆ. ಮುಂದೆ ಇದಕ್ಕೇ 4 ಸೆಲ್ ಬ್ಯಾಟರಿ ಹಾಕುವ ಆಲೋಚನೆಯೂ ಇದೆ. ಇಎಸ್‌ಸಿಯ ಮೇಲೆಯೇ 4 ಸೆಲ್ ಎಂದು ಬರೆದಿರುವಾಗ ತೊಂದರೆಯಾಗಲಾರದಲ್ಲವೇ?

ಉತ್ತರ: ಬೆಸುಗೆಗಾರ

ಮುಂದಿನ ಯಾವ ಪರೀಕ್ಷೆಗೂ ಮೊದಲು ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕಿಡಿ. ಕರೆಂಟ್ ಅಳೆಯುವಾಗ ಮಾತ್ರ ಅದು ಬೇಕಾಗುತ್ತದೆ.

ತಂತಿಯ ಬಗ್ಗೆ ಹೇಳುತ್ತೇನೆ. ಇಎಸ್‌ಸಿ ಎಂಬುದು ಬ್ಯಾಟರಿಯ ನೇರ ಪ್ರವಾಹವನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕಡಿದು ಮೋಟಾರಿನ ಮೂರು ತಂತಿಗಳಿಗೆ ಸರದಿಯಂತೆ ಹಂಚುವ ಸಾಧನ. ಪ್ರವಾಹ ಕಡಿದ ಪ್ರತಿ ಸಲವೂ ಬ್ಯಾಟರಿ ತಂತಿಯಲ್ಲಿರುವ ಇಂಡಕ್ಟೆನ್ಸ್ ಅದನ್ನು ಹರಿಯಗೊಡಲು ಯತ್ನಿಸುವುದರಿಂದ ಇಎಸ್‌ಸಿಯ ಬಾಗಿಲಲ್ಲಿ ವೋಲ್ಟೇಜ್ ಕ್ಷಣಮಾತ್ರ ಚಿಮ್ಮುತ್ತದೆ, ಆ ಚಿಮ್ಮನ್ನು ಅಲ್ಲಿಯೇ ಇರುವ ಕೆಪಾಸಿಟರ್‌ಗಳು ನುಂಗಿಕೊಳ್ಳುತ್ತವೆ. ತಂತಿ ಉದ್ದವಾದಷ್ಟೂ ಕೆಪಾಸಿಟರ್‌ಗಳ ಮೇಲಿನ ಹೊರೆ ಹೆಚ್ಚಿ, ಅವು ಬಿಸಿಯಾಗಿ ಉಬ್ಬುತ್ತವೆ; ಅವು ಸತ್ತ ಮೇಲೆ ಪ್ರವಾಹ ಕಡಿಯುವ ಮಾಸ್‌ಫೆಟ್‌ಗಳ ಸರದಿ. ಮೋಟಾರ್ ಕಡೆಯ ತಂತಿಗಳ ವಿಷಯ ಹೀಗಲ್ಲ. ಮೋಟಾರಿನ ಸುರುಳಿಗಳಲ್ಲಿಯೇ ಸಾಕಷ್ಟು ಇಂಡಕ್ಟೆನ್ಸ್ ಇರುವುದರಿಂದ ಅಲ್ಲಿ 15 ಸೆಂಟಿಮೀಟರ್ ಸೇರಿದರೆ ಹೆಚ್ಚಿನ ವ್ಯತ್ಯಾಸವಾಗುವುದಿಲ್ಲ. ಆದ್ದರಿಂದ ಇಎಸ್‌ಸಿಯನ್ನು ಬ್ಯಾಟರಿಯ ಹತ್ತಿರಕ್ಕೆ ಸರಿಸಿ, ಮೋಟಾರಿನ ಮೂರು ತಂತಿಗಳನ್ನು ಅದೇ ದಪ್ಪದ ಅಥವಾ ಇನ್ನೂ ದಪ್ಪನೆಯ ತಂತಿಯಿಂದ ಸಮನಾಗಿ ಉದ್ದ ಮಾಡುವುದು ಒಳ್ಳೆಯದು. ಬ್ಯಾಟರಿ ಕಡೆಯನ್ನೇ ಉದ್ದ ಮಾಡದೆ ಗತ್ಯಂತರವಿಲ್ಲ ಎಂದಾದರೆ, ಸೇರಿಸಿದ ಪ್ರತಿ 10 ಸೆಂಟಿಮೀಟರಿಗೆ 220 ಮೈಕ್ರೋಫ್ಯಾರಡ್‌ನ, 35 ವೋಲ್ಟ್ ತಾಳುವ, ಕಡಿಮೆ ಇಎಸ್‌ಆರ್‌ನ (ಒಳಪ್ರತಿರೋಧದ) ಒಂದು ಕೆಪಾಸಿಟರನ್ನು ಇಎಸ್‌ಸಿಗೆ ತೀರ ಹತ್ತಿರದಲ್ಲಿ ಬೆಸೆಯುವುದು ಹವ್ಯಾಸಿಗಳ ರೂಢಿ. ಕೆಪಾಸಿಟರಿನ ಪಟ್ಟೆಯಿರುವ ಕಾಲು ಕಪ್ಪು ತಂತಿಗೇ ಹೋಗಬೇಕು.

ಬೆಸುಗೆಯನ್ನು ಅವಸರದಲ್ಲಿ ಮುಗಿಸಬೇಡಿ. ಮರದ ತುಂಡಿನಲ್ಲಿ ಬುಲೆಟ್ ಕನೆಕ್ಟರ್ ಕೂರುವಷ್ಟು ತೂತು ಕೊರೆದು ಅದರಲ್ಲಿ ಕನೆಕ್ಟರನ್ನು ನೆಟ್ಟಗೆ ನಿಲ್ಲಿಸಿ, ಅದರ ಬಟ್ಟಲನ್ನು ಹೊರಗಿನಿಂದ ಕಾಯಿಸುತ್ತಾ ಸೀಸವನ್ನು ಅರ್ಧದವರೆಗೆ ಕರಗಿಸಿ ತುಂಬಿ. ಮೊದಲೇ ಸೀಸ ಹಿಡಿಸಿಟ್ಟ ತಂತಿಯ ತುದಿಯನ್ನು ಆ ದ್ರವಕ್ಕೆ ಇಳಿಸಿ, ಅದು ಗಟ್ಟಿಯಾಗುವವರೆಗೆ ಕೈ ಅಲುಗಿಸದೆ ಹಿಡಿಯಿರಿ. ತಣಿಯುವಾಗ ತಂತಿ ಅಲುಗಿದರೆ ಬೆಸುಗೆ ಮಾಸಲಾಗಿ ಹರಳು ಹರಳಾಗಿ ಕಾಣುತ್ತದೆ. ಅಂಥದ್ದನ್ನು ಕರಗಿಸಿ ಮತ್ತೆ ಮಾಡಬೇಕು. ಮೋಟಾರ್ ಹಿಮ್ಮುಖವಾಗಿ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಬ್ಯಾಟರಿಯ ಕೆಂಪು ಕಪ್ಪು ತಂತಿಗಳನ್ನು ಮಾತ್ರ ಒಂದು ಕ್ಷಣಕ್ಕೂ ಅದಲುಬದಲು ಮಾಡುವಂತಿಲ್ಲ. ಅಲ್ಲಿಗೆ ಇಎಸ್‌ಸಿಯ ಕಥೆ ಮುಗಿದಂತೆ.

ಉತ್ತರ: ಸದ್ದಿಲ್ಲದ ಹಾರಾಟ

ಬೆಸುಗೆಗಾರ ಅವರ ಮಾತಿಗೆ ನನ್ನದೊಂದು ಸಣ್ಣ ತಿದ್ದುಪಡಿ ಇದೆ. ಇಎಸ್‌ಸಿಯನ್ನು ಹಿಂದಕ್ಕೆ ಸರಿಸಿದರೆ ಮೂತಿಯ ಗಾಳಿ ಅದಕ್ಕೆ ತಾನಾಗಿ ಸಿಗುವುದಿಲ್ಲ. 30 ಆಂಪಿಯರ್ ಎಂಬ ಸಂಖ್ಯೆ ಒಳ್ಳೆಯ ಗಾಳಿಯಾಟ ಇದೆಯೆಂದು ಭಾವಿಸಿ ಕೊಟ್ಟದ್ದೇ ಹೊರತು, ಫೋಮ್ ಗೂಡಿನೊಳಗೆ ಉಸಿರುಕಟ್ಟಿ ಕೂತ ಸಾಧನಕ್ಕೆ ಕೊಟ್ಟ ಮಾತಲ್ಲ. ಗಾಳಿ ಒಳಬರುವ ತೂತಿಗಿಂತ ಹೊರಹೋಗುವ ತೂತು ದೊಡ್ಡದಿರಲಿ. ಹೀಟ್‌ಸಿಂಕ್ ತಗಡಿರುವ ಮುಖ ಗಾಳಿಯ ಕಡೆಗಿರಲಿ, ಅದರ ಮೇಲೆ ಸ್ಪಂಜು ಅಥವಾ ಟೇಪು ಸುತ್ತಬೇಡಿ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನಿಮ್ಮ 4 ಸೆಲ್ ಆಲೋಚನೆ. ಲೀನಿಯರ್ ಬಿಇಸಿ ಬ್ಯಾಟರಿಯ ವೋಲ್ಟೇಜಿನಲ್ಲಿ 5 ವೋಲ್ಟನ್ನು ಮಾತ್ರ ಸರ್ವೊಗಳಿಗೆ ಕೊಟ್ಟು ಉಳಿದದ್ದನ್ನು ಶಾಖವಾಗಿ ಸುಡುತ್ತದೆ. ಪೂರ್ತಿ ಚಾರ್ಜಾದ 3 ಸೆಲ್ ಲಿಪೊ 12.6 ವೋಲ್ಟ್, ಸರ್ವೊಗಳು ಒಂದು ಆಂಪಿಯರ್ ಎಳೆದರೆ 7.6 ವಾಟ್ ಶಾಖ ಆ ಪುಟ್ಟ ಚಿಪ್ಪಿನಲ್ಲೇ ಹುಟ್ಟುತ್ತದೆ. 4 ಸೆಲ್‌ನ 16.8 ವೋಲ್ಟಿನಲ್ಲಿ ಅಷ್ಟೇ ಕರೆಂಟಿಗೆ 11.8 ವಾಟ್. ಶಾಖ ಮಿತಿಮೀರಿದಾಗ ಬಿಇಸಿ ತನ್ನನ್ನು ತಾನು ಉಳಿಸಿಕೊಳ್ಳಲು ಮುಚ್ಚಿಕೊಳ್ಳುತ್ತದೆ, ಆಗ ಮೋಟಾರಿನೊಂದಿಗೆ ರಿಸೀವರ್ ಮತ್ತು ಸರ್ವೊಗಳೂ ಸಾಯುತ್ತವೆ. ಮೋಟಾರ್ ನಿಂತರೆ ತೇಲಿಸಿ ಇಳಿಸಬಹುದು, ಸರ್ವೊಗಳು ನಿಂತ ಮೇಲೆ ಮಾಡಲು ಏನೂ ಉಳಿಯುವುದಿಲ್ಲ. ಲೀನಿಯರ್ ಬಿಇಸಿಯ ಕೈಪಿಡಿಗಳಲ್ಲಿ ಸೆಲ್‌ಗಳ ಸಂಖ್ಯೆ ಏರಿದಂತೆ ಸರ್ವೊಗಳ ಸಂಖ್ಯೆ ಇಳಿಯುವ ಕೋಷ್ಟಕ ಇರುವುದು ಇದಕ್ಕಾಗಿಯೇ. 4 ಸೆಲ್ ಹಾಕುವುದೇ ಆದರೆ ಪ್ರತ್ಯೇಕ ಸ್ವಿಚಿಂಗ್ ಬಿಇಸಿ (ಉಳಿದ ವೋಲ್ಟೇಜನ್ನು ಹೀಗೆ ಶಾಖವಾಗಿ ಸುಡದ ಬಗೆ) ಜೋಡಿಸಿ, ಇಎಸ್‌ಸಿಯಿಂದ ರಿಸೀವರಿಗೆ ಹೋಗುವ ಮೂರು ಎಳೆಗಳ ಪ್ಲಗ್ಗಿನಿಂದ ಕೆಂಪು ಎಳೆಯನ್ನು ಹೊರಗೆಳೆದು, ಅದರ ತುದಿಗೆ ಟೇಪು ಸುತ್ತಿ ಮಡಚಿಡಿ.

ಕರೆಂಟಿನ ಲೆಕ್ಕವೂ ಇದೆ. ಅದೇ ಮೋಟಾರ್, ಅದೇ ಪ್ರೊಪೆಲ್ಲರ್ ಇಟ್ಟು ವೋಲ್ಟೇಜನ್ನು ಮಾತ್ರ ಏರಿಸಿದರೆ ಕರೆಂಟ್ ಸುಮಾರಾಗಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 3ರಿಂದ 4 ಸೆಲ್‌ಗೆ ಹೋದರೆ ಸುಮಾರು 1.8 ಪಟ್ಟು. "ನಾನು ಪೂರ್ಣ ಥ್ರಾಟಲ್ ಕೊಡುವುದೇ ಇಲ್ಲ" ಎಂಬ ಸಮಾಧಾನವನ್ನು ಅನೇಕರು ಹೇಳಿಕೊಳ್ಳುತ್ತಾರೆ, ಅದನ್ನು ನಂಬಬೇಡಿ. ಅರ್ಧ ಥ್ರಾಟಲ್‌ನಲ್ಲಿ ಇಎಸ್‌ಸಿ ಕರೆಂಟನ್ನು ಕಡಿದು ಕೂಡಿಸುವ ಕೆಲಸವನ್ನು ಬಿಡುವಿಲ್ಲದೆ ಮಾಡುತ್ತಿರುವುದರಿಂದ, ಸರಾಸರಿ ಕರೆಂಟ್ ಕಡಿಮೆಯೆಂದು ತೋರಿದರೂ ಶಾಖ ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅಗತ್ಯಕ್ಕಿಂತ ದೊಡ್ಡ ಪ್ರೊಪೆಲ್ಲರ್ ಹಾಕಿ ಅರ್ಧ ಥ್ರಾಟಲ್‌ನಲ್ಲಿ ಹಾರಿಸುವುದು ಇಎಸ್‌ಸಿಗೆ ಕೊಡುವ ವಿಶ್ರಾಂತಿಯಲ್ಲ.

ಬ್ಯಾಟರಿ ಮತ್ತು ಇಎಸ್‌ಸಿಯ ನಡುವೆ ವಾಟ್ ಮೀಟರ್ ಇಟ್ಟು ಅಳೆಯಿರಿ. ವಿಮಾನವನ್ನು ಗಟ್ಟಿಯಾಗಿ ಕಟ್ಟಿಹಾಕಿ, ನೀವು ಪ್ರೊಪೆಲ್ಲರಿನ ಹಿಂದೆ ನಿಂತು (ಪಕ್ಕದಲ್ಲಿ, ಅದು ತಿರುಗುವ ಸಮತಲದಲ್ಲಿ ಎಂದಿಗೂ ನಿಲ್ಲಬಾರದು), ಪೂರ್ತಿ ಚಾರ್ಜಾದ ಬ್ಯಾಟರಿಯಿಂದ ಪೂರ್ಣ ಥ್ರಾಟಲನ್ನು ಕೆಲವೇ ಸೆಕೆಂಡು ಕೊಟ್ಟು ಓದಿ. ಆ ಓದು ಇಎಸ್‌ಸಿಯ ಮಿತಿಗಿಂತ ಶೇಕಡ 20ರಷ್ಟಾದರೂ ಕೆಳಗಿರಬೇಕು ಎನ್ನುವುದು ನನ್ನ ಪಟ್ಟು.

ಉತ್ತರ: ಗಾಳಿಪಟ್ಟಿ

ಬೀಪ್ ಮತ್ತು ಕೀರಲು ದನಿಯ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ.

ಬಿಡದೆ ಬೀಪ್ ಮಾಡುವುದು ಬಹುತೇಕ ಸಂದರ್ಭಗಳಲ್ಲಿ "ಥ್ರಾಟಲ್ ಸೊನ್ನೆಯಲ್ಲಿಲ್ಲ" ಎಂಬ ದೂರು. ಟ್ರಾನ್ಸ್‌ಮಿಟರಿನ ಥ್ರಾಟಲ್ ಟ್ರಿಮ್ (ಕಡ್ಡಿಯ ಸ್ಥಾನವನ್ನು ಸೂಕ್ಷ್ಮವಾಗಿ ಹೊಂದಿಸುವ ಗುಂಡಿ) ಸ್ವಲ್ಪ ಮೇಲಿದ್ದರೂ ಕಡ್ಡಿಯ ತಳದ ಸ್ಥಾನವನ್ನು ಇಎಸ್‌ಸಿ ಸೊನ್ನೆಯೆಂದು ಒಪ್ಪುವುದಿಲ್ಲ. ನಿಮ್ಮಲ್ಲಿ ಇದು ಕೆಲವೊಮ್ಮೆ ಮಾತ್ರ ಆಗುತ್ತಿರುವುದನ್ನು ನೋಡಿದರೆ ಟ್ರಿಮ್ ಅಂಚಿನಲ್ಲಿದೆ ಎನಿಸುತ್ತದೆ. ಪ್ರೊಪೆಲ್ಲರ್ ಇಲ್ಲದೆ ಥ್ರಾಟಲ್ ವ್ಯಾಪ್ತಿಯನ್ನು ಕಲಿಸಿ: ಟ್ರಾನ್ಸ್‌ಮಿಟರ್ ಆನ್ ಮಾಡಿ, ಕಡ್ಡಿಯನ್ನು ತುದಿಗೇರಿಸಿ, ಬ್ಯಾಟರಿ ಜೋಡಿಸಿ, ಮೇಲ್ಮಿತಿ ದಾಖಲಾದ ಬೀಪ್ ಕೇಳಿದ ಕೂಡಲೇ ಕಡ್ಡಿಯನ್ನು ತಳಕ್ಕಿಳಿಸಿ. ತಡಮಾಡಿದರೆ ಅನೇಕ ಇಎಸ್‌ಸಿಗಳು ಪ್ರೋಗ್ರಾಮಿಂಗ್ ಪಟ್ಟಿಯೊಳಕ್ಕೆ ಹೋಗಿ, ನಿಮಗೆ ಅರಿವಿಲ್ಲದೆಯೇ ಬ್ರೇಕ್ ಅಥವಾ ಬ್ಯಾಟರಿಯ ಬಗೆ ಬದಲಾಗಬಹುದು. ಫುಟಾಬಾ ಟ್ರಾನ್ಸ್‌ಮಿಟರ್ ಆಗಿದ್ದರೆ ಸಾಮಾನ್ಯವಾಗಿ ಥ್ರಾಟಲ್ ಚಾನೆಲನ್ನು ರಿವರ್ಸ್ ಮಾಡಬೇಕಾಗುತ್ತದೆ, ಇಲ್ಲವಾದರೆ ಕಡ್ಡಿ ತಳದಲ್ಲಿದ್ದಾಗ ಇಎಸ್‌ಸಿಗೆ ಅದು ಪೂರ್ಣ ಥ್ರಾಟಲ್ ಆಗಿ ಕಾಣುತ್ತದೆ.

ಕೀರಲು ದನಿ ಬಂದ ಕೂಡಲೇ ಥ್ರಾಟಲ್ ಇಳಿಸಬೇಕು, ಮತ್ತೆ ಮತ್ತೆ ಯತ್ನಿಸಿ ನೋಡಬಾರದು. ಸೆನ್ಸರ್ ಇಲ್ಲದ ಬ್ರಷ್‌ಲೆಸ್ ಮೋಟಾರಿನಲ್ಲಿ ಆ ಕ್ಷಣ ವಿದ್ಯುತ್ ಹರಿಯದ ಮೂರನೆಯ ತಂತಿಯಲ್ಲಿ ಹುಟ್ಟುವ ಮರುವೋಲ್ಟೇಜನ್ನು ನೋಡಿಯೇ ಇಎಸ್‌ಸಿ ಅಯಸ್ಕಾಂತಗಳು ಎಲ್ಲಿವೆಯೆಂದು ಊಹಿಸುತ್ತದೆ. ವೇಗ ಥಟ್ಟನೆ ಬದಲಾದಾಗ ಆ ಊಹೆ ತಪ್ಪಿದರೆ, ಸುರುಳಿಗಳು ತಪ್ಪು ಹೊತ್ತಿಗೆ ಎಳೆಯತೊಡಗಿ ಮೋಟಾರ್ ನಿಲ್ಲುತ್ತದೆ, ಕರೆಂಟ್ ಮಾತ್ರ ವಿಪರೀತ ಏರುತ್ತದೆ. ಮೊದಲು ಮೂರೂ ಬುಲೆಟ್ ಕನೆಕ್ಟರ್‌ಗಳನ್ನು ಎಳೆದು ನೋಡಿ. ಸಡಿಲವಾದ ಒಂದೇ ಒಂದು ಸಾಕು. ಅವು ಗಟ್ಟಿಯಾಗಿದ್ದರೆ ಟೈಮಿಂಗ್ (ಸುರುಳಿಗಳಿಗೆ ಕರೆಂಟನ್ನು ಎಷ್ಟು ಮುಂಚಿತವಾಗಿ ಕೊಡಬೇಕೆಂಬ ಇಎಸ್‌ಸಿಯ ಸೆಟ್ಟಿಂಗ್) ನೋಡಿ. ಹದಿನಾಲ್ಕು ಅಯಸ್ಕಾಂತಗಳ ಔಟ್‌ರನ್ನರಿಗೆ "ಲೋ" ಸಾಮಾನ್ಯವಾಗಿ ಸಾಲದು, "ಮೀಡಿಯಂ" ಇಡಿ. ಟೈಮಿಂಗ್ ಏರಿಸಿದರೆ ಕರೆಂಟ್ ಸ್ವಲ್ಪ ಏರುವುದರಿಂದ ವಾಟ್ ಮೀಟರಿನ ಓದನ್ನು ಇದಾದ ಮೇಲೆಯೇ ತೆಗೆದುಕೊಳ್ಳಿ. ಬ್ರೇಕ್ ಆಫ್ ಇರಲಿ, ಅದು ಮಡಚುವ ಪ್ರೊಪೆಲ್ಲರ್ ಇರುವ ಗ್ಲೈಡರಿಗೆ.

ಹೊಸರೆಕ್ಕೆ

ಎಲ್ಲರಿಗೂ ಕೃತಜ್ಞತೆಗಳು. ಮೋಟಾರಿನ ಮಧ್ಯದ ತಂತಿಯ ಬೆಸುಗೆ ಎಳೆದ ಕೂಡಲೇ ಕೈಗೆ ಬಂದಿತು. ಒಳಗೆ ಸೀಸ ಒಂದು ಅಂಚಿಗೆ ಮಾತ್ರ ಹಿಡಿದಿತ್ತು. ಇಎಸ್‌ಸಿಯನ್ನು ಹಿಂದಕ್ಕೆ ಸರಿಸಿ, ಮೂರೂ ತಂತಿಗಳನ್ನು ಉದ್ದ ಮಾಡಿ ಹೊಸದಾಗಿ ಬೆಸೆದು, ಟೈಮಿಂಗ್ "ಮೀಡಿಯಂ" ಇಟ್ಟ ಮೇಲೆ ಥ್ರಾಟಲನ್ನು ಎಷ್ಟು ರಭಸವಾಗಿ ತಳ್ಳಿದರೂ ಕೀರಲು ಇಲ್ಲ. ಟ್ರಿಮ್ ಇಳಿಸಿ ವ್ಯಾಪ್ತಿ ಕಲಿಸಿದ ನಂತರ ಬೀಪ್ ಕೂಡ ಸರಿಯಾಯಿತು. 3 ಸೆಲ್‌ನಲ್ಲಿ ಪೂರ್ಣ ಥ್ರಾಟಲ್ ಓದು 23 ಆಂಪಿಯರ್. ಹಾರಿಸುವ ಮೊದಲು ಇನ್ನೇನಾದರೂ ನೋಡಬೇಕೇ?

ಉತ್ತರ: ಸದ್ದಿಲ್ಲದ ಹಾರಾಟ

23 ಆಂಪಿಯರ್ ಚೆನ್ನಾಗಿದೆ. ಇದನ್ನೇ 1.8ರಿಂದ ಗುಣಿಸಿದರೆ 41 ದಾಟುತ್ತದೆ. 4 ಸೆಲ್‌ನಲ್ಲಿ ಈ ಪ್ರೊಪೆಲ್ಲರಿನೊಂದಿಗೆ ಮೋಟಾರ್, ಇಎಸ್‌ಸಿ ಎರಡೂ ಉಳಿಯುವುದಿಲ್ಲ.

ಫೇಲ್‌ಸೇಫ್ (ಟ್ರಾನ್ಸ್‌ಮಿಟರಿನ ಸಂಕೇತ ತಪ್ಪಿದಾಗ ಮೋಟಾರ್ ನಿಲ್ಲಿಸುವ ವ್ಯವಸ್ಥೆ) ನೋಡಿ. ಪ್ರೊಪೆಲ್ಲರ್ ಬಿಚ್ಚಿ ಅರ್ಧ ಥ್ರಾಟಲ್‌ನಲ್ಲಿ ಮೋಟಾರ್ ತಿರುಗುತ್ತಿರುವಾಗ ಟ್ರಾನ್ಸ್‌ಮಿಟರ್ ಆಫ್ ಮಾಡಿದರೆ ಮೋಟಾರ್ ನಿಲ್ಲಲೇಬೇಕು, ನಿಲ್ಲದಿದ್ದರೆ ರಿಸೀವರನ್ನು ಟ್ರಾನ್ಸ್‌ಮಿಟರಿನೊಂದಿಗೆ ಮತ್ತೆ ಬೈಂಡ್ ಮಾಡಿ (ಜೋಡಿ ಮಾಡಿ). ಈ ಪರೀಕ್ಷೆಯೊಂದನ್ನು ಬಿಟ್ಟರೆ ಟ್ರಾನ್ಸ್‌ಮಿಟರ್ ಎಲ್ಲಕ್ಕಿಂತ ಮೊದಲು ಆನ್ ಆಗಿ, ಕೊನೆಯಲ್ಲಿ ಆಫ್ ಆಗಬೇಕು. ಥ್ರಾಟಲ್ ಕಟ್‌ಗೆ ಒಂದು ಸ್ವಿಚ್ ನಿಗದಿಪಡಿಸಿ, ವಿಮಾನವನ್ನು ಕೈಯಲ್ಲಿ ಎತ್ತುವಾಗಲೆಲ್ಲ ಅದನ್ನು ಒತ್ತಿಡಿ. ಕಡಿಮೆ ವೋಲ್ಟೇಜ್ ರಕ್ಷಣೆಯನ್ನು ಥಟ್ಟನೆ ನಿಲ್ಲಿಸುವ ಬದಲು ಶಕ್ತಿ ಇಳಿಸುವ ಬಗೆಗೆ ಇಡಿ. ಅದು ಸೆಲ್ ಒಂದಕ್ಕೆ 3 ವೋಲ್ಟಿನ ಆಸುಪಾಸಿನಲ್ಲಿ ಎಚ್ಚರಗೊಳ್ಳುವುದರಿಂದ ಅದನ್ನೇ ಕಾದು ಕೂರದೆ ಟೈಮರ್ ನೋಡಿಕೊಂಡು ಇಳಿಸಿ.

ಹೊಸರೆಕ್ಕೆ

ಇಎಸ್‌ಸಿಯಲ್ಲಿ ಒಂದು ಸಣ್ಣ ಸ್ವಿಚ್ ಇದೆ. ಅದನ್ನು ಆಫ್ ಮಾಡಿದರೆ ಬ್ಯಾಟರಿಯನ್ನು ಜೋಡಿಸಿದ ಹಾಗೆಯೇ ಬಿಡಬಹುದೇ?

ಉತ್ತರ: ಬೆಸುಗೆಗಾರ

ಬಿಡಬಾರದು. ಆ ಸ್ವಿಚ್ ಸಾಮಾನ್ಯವಾಗಿ ಬಿಇಸಿಯನ್ನಷ್ಟೇ ಆಫ್ ಮಾಡುತ್ತದೆ. ದಪ್ಪ ತಂತಿಗಳಲ್ಲಿ ಬ್ಯಾಟರಿ ಇನ್ನೂ ಇಎಸ್‌ಸಿಗೆ ತಾಗಿಕೊಂಡೇ ಇರುತ್ತದೆ, ಸಣ್ಣ ಪ್ರಮಾಣದ ಕರೆಂಟ್ ಹರಿಯುತ್ತಲೇ ಇದ್ದು ದಿನಗಳು ಕಳೆದಂತೆ ಲಿಪೊ ಪೂರ್ತಿ ಬರಿದಾಗಿ ಹಾಳಾಗುತ್ತದೆ. ಇಳಿಸಿದ ಕೂಡಲೇ ಕನೆಕ್ಟರನ್ನು, ತಂತಿ ಹಿಡಿಯದೆ ಅದರ ಪ್ಲಾಸ್ಟಿಕ್ ಭಾಗ ಹಿಡಿದೇ, ಎಳೆದು ಬಿಡಿಸಿ. ಮೊದಲ ಹಾರಾಟವನ್ನು ಎರಡು ಮೂರು ನಿಮಿಷಕ್ಕೆ ಮುಗಿಸಿ, ಬ್ಯಾಟರಿ ಬಿಡಿಸಿದ ಮೇಲೆ ಇಎಸ್‌ಸಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಗಾಳಿ ಹೊರಹೋಗುವ ತೂತನ್ನು ಇನ್ನಷ್ಟು ಅಗಲ ಮಾಡಬೇಕಾಗುತ್ತದೆ.